ಸ್ಥಗಿತಗೊಂಡ ತಂತ್ರಾಂಶ ಮತ್ತು ಶಾಸನಚಿತ್ರಗಳ ಗತಿ

ಹುಣಸೂರು ತಾಲ್ಲೂಕಿನ ಗುರುಪುರ ಇಂದು ಟಿಬೆಟನ್ನರ ನೆಲೆಯೆಂದೇ ಹೆಸರಾಗಿದೆ. 1970ರ ದಶಕದ ಆರಂಭದಲ್ಲಿ ಇಲ್ಲಿ ನೆಲೆ ಕಂಡ ನಿರಾಶ್ರಿತರ ಜೊತೆಗೆ ಲ್ಹಾಸಾದ ಗ್ಯುದ್ಮೆದ್ ತಾಂತ್ರಿಕ ವಿದ್ಯಾಪೀಠವೂ ಈ ಮಣ್ಣಿನಲ್ಲಿ ಮರುಹುಟ್ಟು ಪಡೆಯಿತು. ಆ ಪರಂಪರೆಯ ಗ್ರಂಥಗಳು ಪೋಥಿಯ ರೂಪದವು: ಉದ್ದನೆಯ ಬಿಡಿ ಹಾಳೆಗಳು, ಮೇಲೊಂದು ಕೆಳಗೊಂದು ಹಲಗೆ, ಸುತ್ತ ಬಟ್ಟೆ. ಭಾರತದ ಓಲೆಗರಿಯ ಆಕಾರವನ್ನು ಕಾಗದ ಬಂದ ಮೇಲೂ ಬಿಡದೆ ಉಳಿಸಿಕೊಂಡ ರೂಪವದು. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಹದಿನಾರನೆಯ ಶತಮಾನದ ಆರಂಭದಲ್ಲಿ ಬಾಳಿದ ಜೈನಕವಿ ಮೂರನೆಯ ಮಂಗರಸನ ಊರು. ಅವನ ‘ಸಮ್ಯಕ್ತ್ವಕೌಮುದಿ’, ‘ಜಯನೃಪಕಾವ್ಯ’, ‘ಸೂಪಶಾಸ್ತ್ರ’ಗಳು ನಮ್ಮ ಕೈಸೇರಿದ್ದು ಇಂಥದೇ ಹಲಗೆಗಳ ನಡುವೆ ಕುಳಿತ ಗರಿಗಳ ಮೂಲಕ. ಬಿಳಿಕೆರೆಯ ಕಡೆಗೆ ಗೊಮ್ಮಟಗಿರಿಯಿದೆ. ಕೃಷ್ಣರಾಜನಗರ ತಾಲ್ಲೂಕಿನ ಚಿಕ್ಕಹನಸೋಗೆಯಲ್ಲಿ ತ್ರಿಕೂಟ ಬಸದಿಯೂ ಚಂಗಾಳ್ವರ ಕಾಲದ ಶಾಸನಗಳೂ ಇವೆ. ದೇಶೀಗಣ, ಪುಸ್ತಕಗಚ್ಛದ ಒಂದು ಮುನಿಪರಂಪರೆ ‘ಹನಸೋಗೆ ಬಳಿ’ ಎಂದೇ ಈ ಊರಿನ ಹೆಸರನ್ನು ಹೊತ್ತಿತ್ತು. ಪುಸ್ತಕವನ್ನೇ ಹೆಸರಾಗಿ ಧರಿಸಿದ ಗಚ್ಛವೊಂದರ ನೆಲೆಯಲ್ಲಿ ಇಂದು ಬರಹವನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತು ಚರ್ಚಿಸಬೇಕಾಗಿ ಬಂದಿರುವುದು ವಿಪರ್ಯಾಸವೇ ಸರಿ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳನ್ನು ಅರಸಿ ತಿರುಗುವವರು ಹೆಚ್ಚಾಗಿ ಕಾಲೇಜು ಅಧ್ಯಾಪಕರು, ನಿವೃತ್ತ ಶಿಕ್ಷಕರು, ಪಿಎಚ್.ಡಿ. ವಿದ್ಯಾರ್ಥಿಗಳು. ಡಿಜಿಟಲ್ ಕ್ಯಾಮೆರಾ ಅಗ್ಗವಾದ ಮೇಲೆ ಇವರ ಕ್ಷೇತ್ರಕಾರ್ಯದ ಸ್ವರೂಪವೇ ಬದಲಾಯಿತು. ಫಿಲ್ಮ್ ರೋಲಿನ ಮೂವತ್ತಾರು ಚಿತ್ರಗಳನ್ನು ಎಣಿಸಿ ಎಣಿಸಿ ತೆಗೆಯುತ್ತಿದ್ದವರು ಒಂದೇ ಕಲ್ಲಿಗೆ ಐವತ್ತು ಚಿತ್ರ ತೆಗೆಯತೊಡಗಿದರು. ಆ ಚಿತ್ರರಾಶಿಯನ್ನು ಜೋಡಿಸಲು, ಮಸುಕಾದ ಅಕ್ಷರಗಳನ್ನು ಎತ್ತಿ ತೋರಿಸಲು ಹೆಚ್ಚಿನವರಿಗೆ ಒದಗಿದ್ದು ಪಿಕಾಸಾ ಎಂಬ ಉಚಿತ ತಂತ್ರಾಂಶ. 2004ರಲ್ಲಿ ಗೂಗಲ್ ಇದನ್ನು ಕೊಂಡುಕೊಂಡು ಎಲ್ಲರಿಗೂ ಪುಕ್ಕಟೆಯಾಗಿ ಹಂಚಿತು. ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುತ್ತಿತ್ತು. ಕಲಿಯಲು ಒಂದು ಮಧ್ಯಾಹ್ನ ಸಾಕಾಗಿತ್ತು. ನೆರಳಿನಲ್ಲಿ ಮುಳುಗಿದ ಭಾಗಕ್ಕೆ ಬೆಳಕು ತುಂಬುವ ‘ಫಿಲ್ ಲೈಟ್’ ಎಂಬ ಒಂದು ಪಟ್ಟಿಯಿತ್ತು. ಸವೆದ ಕಣಶಿಲೆಯ ಮೇಲಿನ ಸಾಲುಗಳು ಆ ಪಟ್ಟಿಯನ್ನು ಬಲಕ್ಕೆ ಸರಿಸಿದಂತೆ ಮೆಲ್ಲನೆ ಮೇಲೇಳುವುದನ್ನು ಕಂಡವರು ಅದನ್ನು ಸುಲಭವಾಗಿ ಮರೆಯಲಾರರು. ಕಚೇರಿಯ ಯಂತ್ರ ಬಳಸುವವರಿಗೆ ಮೈಕ್ರೋಸಾಫ್ಟ್ ಆಫೀಸಿನ ಜೊತೆ ಬರುತ್ತಿದ್ದ ಪಿಕ್ಚರ್ ಮ್ಯಾನೇಜರ್ ಇತ್ತು. ಪಟ್ಟಣದ ಸ್ಟುಡಿಯೋಗಳಲ್ಲಿ ಫೋಟೋಶಾಪಿನ ಏಳನೆಯ ಆವೃತ್ತಿ ಇತ್ತು. ಅದರಲ್ಲಿ ಪರವಾನಗಿ ಇದ್ದ ಪ್ರತಿಗಳೆಷ್ಟು ಎಂಬ ಪ್ರಶ್ನೆಯನ್ನು ಇಲ್ಲಿ ಕೆದಕದಿರುವುದೇ ಮೇಲು.

ಈ ಸಾಧನಗಳು ಒಂದೊಂದಾಗಿ ಅಸ್ತಂಗತವಾದವು. ಆಫೀಸ್ 2013ರಲ್ಲಿ ಪಿಕ್ಚರ್ ಮ್ಯಾನೇಜರ್ ಕಾಣೆಯಾಯಿತು. 2016ರ ಮಾರ್ಚ್ 15ರಿಂದ ಪಿಕಾಸಾಕ್ಕೆ ಬೆಂಬಲ ನಿಂತಿತು. ಆದರೂ ಯಂತ್ರದಲ್ಲಿ ಮೊದಲೇ ಇದ್ದ ತಂತ್ರಾಂಶ ಓಡುತ್ತಲೇ ಇತ್ತು. ಹಾಗಾಗಿ ಅದರ ಸಾವು ಬಹಳ ಮಂದಿಗೆ ತಿಳಿಯಲೇ ಇಲ್ಲ. ತಿಳಿದದ್ದು ಯಂತ್ರ ಬದಲಾದಾಗ. 2019ರ ಅಕ್ಟೋಬರಿನಲ್ಲಿ ಬಂದ ಮ್ಯಾಕ್ ಕಾರ್ಯಾಚರಣಾ ವ್ಯವಸ್ಥೆ ಕ್ಯಾಟಲೀನಾ 32 ಬಿಟ್ಟಿನ ತಂತ್ರಾಂಶಗಳನ್ನೆಲ್ಲ ಒಂದೇ ಏಟಿಗೆ ಹೊರಗಿಟ್ಟಿತು. ಆಪಲ್ ಕಂಪನಿಯದೇ ಚಿತ್ರ ತಂತ್ರಾಂಶವಾಗಿದ್ದ ಅಪರ್ಚರ್ ಕೂಡ ಅದರಲ್ಲಿ ತೆರೆಯದಾಯಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳಿಗೂ ಹೊಂದುವುದಿಲ್ಲ. ಅದು ಕೇಳುವ ಭದ್ರತಾ ಚಿಪ್ ಅವುಗಳಲ್ಲಿರುವುದಿಲ್ಲ. ಆದ್ದರಿಂದ ವ್ಯವಸ್ಥೆ ಬದಲಿಸುವುದೆಂದರೆ ಬಹುಪಾಲು ಸಂದರ್ಭಗಳಲ್ಲಿ ಯಂತ್ರವನ್ನೇ ಬದಲಿಸುವುದು. ಹೊಸ ಯಂತ್ರ ಬಂದ ದಿನ ಮೂಲಚಿತ್ರಗಳೆಲ್ಲ ಸುರಕ್ಷಿತವಾಗಿಯೇ ತೆರೆದುಕೊಳ್ಳುತ್ತವೆ. ಆದರೆ ಹದಿನೈದು ವರ್ಷ ಕುಳಿತು ತಿದ್ದಿದ ಚಿತ್ರಗಳು ತಿದ್ದದ ಸ್ಥಿತಿಗೆ ಮರಳಿರುತ್ತವೆ. ಎದ್ದು ಕಾಣುತ್ತಿದ್ದ ಅಕ್ಷರಗಳು ಮತ್ತೆ ಕಲ್ಲಿನೊಳಗೆ ಸೇರಿಕೊಂಡಿರುತ್ತವೆ.

ಇದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಿಕಾಸಾ ಮೂಲಚಿತ್ರವನ್ನು ಮುಟ್ಟುತ್ತಿರಲಿಲ್ಲ. ಎಷ್ಟು ಕತ್ತರಿಸಿದೆ, ಎಷ್ಟು ಬೆಳಕು ಕೊಟ್ಟಿದೆ, ಎಷ್ಟು ಚೂಪುಗೊಳಿಸಿದೆ ಎಂಬ ಆದೇಶಗಳನ್ನು ಮಾತ್ರ ಅದೇ ಫೋಲ್ಡರಿನಲ್ಲಿ ಕಣ್ಣಿಗೆ ಬೀಳದ ಒಂದು ಸಣ್ಣ ‘ಐಎನ್‌ಐ’ ಕಡತದಲ್ಲಿ ಬರೆದಿಡುತ್ತಿತ್ತು. ಪರದೆಯ ಮೇಲೆ ಕಾಣುತ್ತಿದ್ದುದು ಮೂಲಚಿತ್ರ ಮತ್ತು ಆ ಆದೇಶಗಳು ಸೇರಿ ಆ ಕ್ಷಣಕ್ಕೆ ಹುಟ್ಟಿದ ರೂಪ. ಬಳಸುವವರು ‘ಸೇವ್’ ಒತ್ತಿದ್ದರೆ ಮಾತ್ರ ತಿದ್ದಿದ ಚಿತ್ರ ನಿಜವಾಗಿ ಉಂಟಾಗುತ್ತಿತ್ತು. ಆಗಲೂ ಮೂಲವನ್ನು ಮತ್ತೊಂದು ಗುಪ್ತ ಫೋಲ್ಡರಿನಲ್ಲಿ ಕಾಪಿಡುತ್ತಿತ್ತು. ತತ್ತ್ವತಃ ಇದು ಅತ್ಯಂತ ವಿವೇಕದ ಏರ್ಪಾಡು. ಒಳ್ಳೆಯ ಗ್ರಂಥಸಂಪಾದಕನೊಬ್ಬ ಮೂಲಪ್ರತಿಯ ಮೇಲೆ ಗೀಚದೆ ತನ್ನ ತಿದ್ದುಪಡಿಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳುವಂತೆ. ದೋಷವೆಲ್ಲಿದೆಯೆಂದರೆ, ಆ ಬೇರೆ ಹಾಳೆಯನ್ನು ಓದಿ ನಡೆಸಬಲ್ಲವನು ಒಬ್ಬನೇ ಇದ್ದ, ಅವನು ಹೋದ. ಚಿತ್ರಗಳನ್ನು ಮಾತ್ರ ಆರಿಸಿ ಪೆನ್‌ಡ್ರೈವಿಗೆ ಹಾಕಿಕೊಂಡವರಿಗಂತೂ ಆ ಹಾಳೆಯೂ ಉಳಿಯಲಿಲ್ಲ. ಚಿತ್ರದ ಅಡಿಯಲ್ಲಿ ಬರೆದ ಶೀರ್ಷಿಕೆಗಳು ಜೆಪೆಗ್ ಕಡತವಾದರೆ ಅದರೊಳಗೇ ಸೇರಿ ಉಳಿದವು. ‘ಆಲ್ಬಂ’ ಎಂದು ವಿಷಯವಾರು ಜೋಡಿಸಿದ್ದ ವಿಂಗಡಣೆ ಚದುರಿತು. ನಿಸಿದಿಗಲ್ಲುಗಳು ಒಂದೆಡೆ, ದಾನಶಾಸನಗಳು ಒಂದೆಡೆ ಎಂದು ವರ್ಷಗಟ್ಟಲೆ ಕಟ್ಟಿದ ಸೂಚಿ ಅದು.

ಈ ಸಂಕಟ ಕಂಡವರ ಮೊದಲ ಪ್ರತಿಕ್ರಿಯೆ ಹಳೆಯ ತಂತ್ರಾಂಶಕ್ಕೇ ಜೋತುಬೀಳುವುದು. ಯಾವುದೋ ಅಪರಿಚಿತ ತಾಣದಿಂದ ಪಿಕಾಸಾದ ಪ್ರತಿಯನ್ನು ಇಳಿಸಿಕೊಳ್ಳುತ್ತಾರೆ. ಅದರ ಜೊತೆಯಲ್ಲಿ ವೈರಸ್ಸೂ ಇಳಿದು ಬರಬಹುದು. ಇಲ್ಲವೇ ಹಳೆಯ ಯಂತ್ರವನ್ನು ಮೂಲೆಯಲ್ಲಿಟ್ಟು ಪೂಜಿಸುತ್ತಾರೆ. ಎರಡನೆಯದನ್ನು ನಗೆಗೆ ಈಡುಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಅಂತರಜಾಲದ ಸಂಪರ್ಕ ಕಡಿದು, ಚಿತ್ರಗಳ ಇನ್ನೊಂದು ಪ್ರತಿ ಬೇರೆಡೆ ಇಟ್ಟುಕೊಂಡು, ಹಳೆಯ ಯಂತ್ರವೊಂದನ್ನು ಕೆಲಕಾಲ ನಡೆಸಿಕೊಂಡು ಹೋಗುವುದು ವಿವೇಕವೇ. ತಿದ್ದಿದ ಚಿತ್ರಗಳನ್ನೆಲ್ಲ ಸಾಮಾನ್ಯ ಟಿಫ್ ಅಥವಾ ಜೆಪೆಗ್ ಕಡತಗಳಾಗಿ ಹೊರತೆಗೆಯಲು ಅದೊಂದೇ ದಾರಿ ಉಳಿದಿರಬಹುದು. ಆದರೆ ಹಾಗೆ ಹೊರತೆಗೆಯುವ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ. ಯಂತ್ರ ಓಡುತ್ತಿರುವವರೆಗೆ ‘ಈಗಲೇ ಏನವಸರ’ ಎನ್ನುತ್ತಾರೆ. ನಿಂತ ದಿನ ಕೇಳುವವರಿರುವುದಿಲ್ಲ.

ಇನ್ನು ಕೆಲವರು ‘ಹೊಸ ತಂತ್ರಾಂಶ ಕಲಿತರಾಯಿತು, ಇದೊಂದು ದೊಡ್ಡ ಸಮಸ್ಯೆಯೇ?’ ಎನ್ನುತ್ತಾರೆ. ಜಿಂಪ್ 1996ರಿಂದ ಉಚಿತವಾಗಿದೆ, ಮುಕ್ತವಾಗಿದೆ. ಡಿಜಿಕ್ಯಾಮ್ ಚಿತ್ರಗಳ ವಿಂಗಡಣೆಗೆ ಒದಗುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಕ್ತ ತಂತ್ರಾಂಶವನ್ನು ಯಾವ ಕಂಪನಿಯೂ ಒಂದು ಪ್ರಕಟಣೆಯ ಮೂಲಕ ಮುಚ್ಚಲಾರದು. ಅಡೋಬಿಯಂಥ ಕಂಪನಿಗಳು 2013ರಿಂದ ತಿಂಗಳ ಬಾಡಿಗೆಯ ಪದ್ಧತಿಗೆ ಹೊರಳಿವೆ; ಬಾಡಿಗೆ ನಿಂತರೆ ಕೆಲಸವೂ ನಿಲ್ಲುತ್ತದೆ. ಅತಿಥಿ ಉಪನ್ಯಾಸಕರ ಸಂಬಳದಲ್ಲಿ ಸಂಶೋಧನೆ ಮಾಡುವವರಿಗೆ ಇದು ದೂರದ ಮಾತು. ಆದರೆ ಹೊಸ ತಂತ್ರಾಂಶ ಮುಂದಿನ ಚಿತ್ರಗಳಿಗೆ ಒದಗುತ್ತದೆಯೇ ಹೊರತು ಹಿಂದೆ ಮಾಡಿದ ಓದನ್ನು ಮರಳಿಸುವುದಿಲ್ಲ. ಅಸಲಿಗೆ ಕಳೆದುಹೋದದ್ದು ತಂತ್ರಾಂಶವಲ್ಲ, ಓದು. ಚರ್ಚೆ ಇಲ್ಲಿಂದ ಶುರುವಾಗಬೇಕಿತ್ತು.

ಶಾಸನವನ್ನು ಓದುವ ಮುನ್ನ ಅಕ್ಷರವನ್ನು ಎತ್ತಿ ತೋರಿಸುವ ಉಪಾಯ ಹೊಸದಲ್ಲ. ಕಂಟದಿಂದ ಕೊರೆದ ಓಲೆಗರಿಯ ಅಕ್ಷರ ಕಾಣಬೇಕಾದರೆ ಅದಕ್ಕೆ ಮಸಿ ತೊಡೆದು ಒರೆಸಬೇಕಿತ್ತು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಕುಂಚದಿಂದ ಬಡಿದು, ಮಸಿಯುಂಡೆಯಿಂದ ತಟ್ಟಿ ಪಡಿಯಚ್ಚು ತೆಗೆಯುವುದೂ ಒಂದು ಬಗೆಯ ಚಿತ್ರಸಂಸ್ಕರಣವೇ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟ 1898ರಲ್ಲಿ ಹೊರಬಂತು, ಹುಣಸೂರು, ಹೆಗ್ಗಡದೇವನಕೋಟೆ, ಆಗ ಎಡತೊರೆಯೆನಿಸಿದ್ದ ಇಂದಿನ ಕೃಷ್ಣರಾಜನಗರದ ಶಾಸನಗಳು ಅದರಲ್ಲಿವೆ. ಮುಂದೆ ಆರ್. ನರಸಿಂಹಾಚಾರ್ಯರೂ ಎಂ.ಎಚ್. ಕೃಷ್ಣ ಅವರೂ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹೊಸ ಶಾಸನಗಳನ್ನು ಸೇರಿಸುತ್ತ ಹೋದರು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತರಲಾರಂಭಿಸಿದಾಗ ಹಳೆಯ ಓದುಗಳನ್ನು ಮತ್ತೆ ಪರಿಶೀಲಿಸಲು ಸಾಧ್ಯವಾದದ್ದು ಕಲ್ಲು ಅಥವಾ ಪಡಿಯಚ್ಚು ಎದುರಿಗಿದ್ದುದರಿಂದ. 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗದಲ್ಲಿ ನೂರು ವರ್ಷ ದಾಟಿದ ಪಡಿಯಚ್ಚುಗಳು ಇಂದಿಗೂ ಇವೆ. ಅವನ್ನು ಬಿಚ್ಚಿ ನೋಡಲು ಕಣ್ಣೂ ಬೆಳಕೂ ಸಾಕು.

ಇನ್ನೂ ಮುಖ್ಯವಾದುದು ಆ ತಲೆಮಾರಿನ ಒಂದು ಶಿಸ್ತು. ಸಂಪಾದಕನಿಗೆ ಅಕ್ಷರ ಸಂಶಯವೆನಿಸಿದರೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ. ಅಳಿಸಿಹೋದಲ್ಲಿ ಚುಕ್ಕಿಗಳನ್ನಿಡುತ್ತಾನೆ. ತಾನು ಊಹಿಸಿ ತುಂಬಿದ್ದನ್ನು ಚೌಕಕಂಸದೊಳಗಿಡುತ್ತಾನೆ. ಕಲ್ಲು ಹೇಳಿದ್ದೆಷ್ಟು, ತಾನು ಹೇಳಿದ್ದೆಷ್ಟು ಎಂಬ ಗೆರೆಯನ್ನು ಓದುಗ ಕಾಣುವಂತೆ ಎಳೆದಿರುತ್ತಾನೆ. ಪರದೆಯ ಮೇಲೆ ತಿದ್ದಿದ ಚಿತ್ರಕ್ಕೆ ಇಂಥ ಯಾವ ಚಿಹ್ನೆಯೂ ಇಲ್ಲ. ಬೆಳಕು ನೆರಳುಗಳ ಅಂತರವನ್ನು ಹೆಚ್ಚಿಸಿದಾಗ ಸವೆದ ಅಕ್ಷರ ಮಾತ್ರ ಮೇಲೇಳುವುದಿಲ್ಲ. ಕಲ್ಲಿನ ಗುಳಿಯೂ ಏಳುತ್ತದೆ. ಅಕ್ಷರದ ಬಲಕ್ಕೆ ಬಿದ್ದ ಗುಳಿ ಸೊನ್ನೆಯಾಗುತ್ತದೆ, ಬಿರುಕು ದೀರ್ಘವಾಗುತ್ತದೆ. ತದ್ವಿರುದ್ಧವಾಗಿ, ಪಾಚಿಯ ಚುಕ್ಕೆಯೆಂದು ಭಾವಿಸಿ ‘ರೀಟಚ್’ ಸಾಧನದಿಂದ ಒರೆಸಿದ್ದು ನಿಜವಾದ ಅನುಸ್ವಾರವೇ ಆಗಿರಬಹುದು. ಹಳಗನ್ನಡ ಲಿಪಿಯ ಪಕಾರ ವಕಾರಗಳ ನಡುವಿನ ಅಂತರ ಎಷ್ಟು ಸೂಕ್ಷ್ಮವೆಂದು ಶಾಸನ ಓದಿದವರಿಗೆ ಹೇಳಬೇಕಾಗಿಲ್ಲ. ವ್ಯಕ್ತಿನಾಮದಲ್ಲಿ ಹೀಗೊಂದು ಅಕ್ಷರ ಬದಲಾದರೆ ಗುರುಪರಂಪರೆಯಲ್ಲಿ ಹೊಸ ಮುನಿಯೊಬ್ಬ ಹುಟ್ಟಿಬಿಡುತ್ತಾನೆ. ಅವನನ್ನು ಉಲ್ಲೇಖಿಸಿ ಮತ್ತೆರಡು ಲೇಖನಗಳು ಹುಟ್ಟುತ್ತವೆ. ಆ ಓದಿಗೆ ಆಧಾರವಾದ ಚಿತ್ರವನ್ನು ತೋರಿಸಿ ಎಂದರೆ, ಅದು ಹಳೆಯ ಯಂತ್ರದಲ್ಲಿತ್ತು ಎಂಬ ಉತ್ತರ ಬರುತ್ತದೆ.

ಕಲ್ಲಿನ ಬಳಿಗೇ ಮತ್ತೆ ಹೋಗಬಹುದಲ್ಲ ಎಂದರೆ, ಹೋಗಬಹುದು, ಕಲ್ಲು ಇದ್ದರೆ. ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಶಾಸನದ ಮೇಲೆ ಎನಾಮಲ್ ಬಣ್ಣ ಬೀಳುತ್ತದೆ. ರಸ್ತೆ ಅಗಲವಾದಾಗ ವೀರಗಲ್ಲು ಮಣ್ಣಿನಡಿ ಸೇರುತ್ತದೆ. ಹೊಲದ ಬದುವಿನಲ್ಲಿದ್ದುದು ಚರಂಡಿಗೆ ಹಾಸುಗಲ್ಲಾಗುತ್ತದೆ. ಅಕ್ಷರ ಕಾಣಲೆಂದು ಸಂಶೋಧಕರೇ ಸೀಮೆಸುಣ್ಣ ಉಜ್ಜಿ, ಅದನ್ನು ತೊಳೆಯದೆ ಬಂದ ಉದಾಹರಣೆಗಳಿಗೂ ಕೊರತೆಯಿಲ್ಲ. ಹೀಗಿರುವಾಗ ಹದಿನೈದು ವರ್ಷಗಳ ಹಿಂದೆ ತೆಗೆದ ಛಾಯಾಚಿತ್ರವೇ ಕೆಲವು ಶಾಸನಗಳಿಗೆ ಉಳಿದಿರುವ ಏಕೈಕ ಪ್ರತಿಯಾಗಿರಬಹುದು. ಏಕೈಕ ಪ್ರತಿ ಎಂದರೇನೆಂದು ಜೈನಸಾಹಿತ್ಯದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಮೂಡಬಿದಿರೆಯ ಬಸದಿಯಲ್ಲಿ ಕನ್ನಡ ಲಿಪಿಯ ಓಲೆಗರಿಗಳಲ್ಲಿ ಮಾತ್ರ ಉಳಿದಿದ್ದ ಧವಲಾ, ಜಯಧವಲಾ ಗ್ರಂಥಗಳ ಪ್ರತಿಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗದೇ ಹೋಗಿದ್ದರೆ, 1939ರಲ್ಲಿ ಹೀರಾಲಾಲ್ ಜೈನ್ ಅವರು ಅಮರಾವತಿಯಿಂದ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತರುವುದು ಶಕ್ಯವಾಗುತ್ತಿರಲಿಲ್ಲ.

ಕನ್ನಡದ ಸಂದರ್ಭದಲ್ಲಿ ಈ ಪಾಠ ಒಮ್ಮೆ ಕಲಿತು ಮರೆತದ್ದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದ ಎಷ್ಟು ಪ್ರಬಂಧಗಳು ಇಂದು ಫಾಂಟಿಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಕಸವಾಗಿ ತೆರೆದುಕೊಳ್ಳುತ್ತವೆ ಎಂಬುದು ಗೊತ್ತಿರುವ ಸಂಗತಿ. 2001ರಲ್ಲಿ ಕೊನೆಯ ಆವೃತ್ತಿ ಕಂಡ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವ ಡಿಟಿಪಿ ಕೇಂದ್ರಗಳು ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಇನ್ನೂ ಮುಚ್ಚಿಲ್ಲ. ಆ ಒಂದು ಕೆಲಸಕ್ಕಾಗಿಯೇ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರ ಮೂಲೆಯಲ್ಲಿ ಗುಂಯ್‌ಗುಡುತ್ತಿರುತ್ತದೆ. ಆದರೆ ಅಕ್ಷರದ ವಿಷಯದಲ್ಲಿ ಒಂದು ದಾರಿ ತೆರೆದಿತ್ತು. ಯೂನಿಕೋಡ್ ಬಂತು, ಪರಿವರ್ತಕಗಳು ಬಂದವು. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದರೂ ಪಠ್ಯ ಮರಳಿ ಸಿಕ್ಕಿತು. ತಿದ್ದಿದ ಚಿತ್ರಕ್ಕೆ ಅಂಥ ಸರ್ವಸಮ್ಮತ ಸಂಕೇತವ್ಯವಸ್ಥೆ ಇಲ್ಲ. ಒಂದು ತಂತ್ರಾಂಶದ ‘ಫಿಲ್ ಲೈಟ್’ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಕಂಪನಿಗಳನ್ನು ದೂರಿ ಪ್ರಯೋಜನವಿಲ್ಲ. ಪುಕ್ಕಟೆಯಾಗಿ ಕೊಟ್ಟದ್ದನ್ನು ಅವರು ಹಿಂತೆಗೆದುಕೊಂಡರು, ಅಷ್ಟೆ. ಪ್ರಶ್ನಿಸಬೇಕಾದುದು ಸಂಶೋಧನೆಗೆ ಪದವಿ ಕೊಡುವ ಸಂಸ್ಥೆಗಳನ್ನು. ಕನ್ನಡ ವಿಭಾಗಗಳು ಪಿಎಚ್.ಡಿ. ಪ್ರಬಂಧದ ಅಂಚು ಎಷ್ಟು ಅಂಗುಲವಿರಬೇಕು, ರಟ್ಟಿನ ಬಣ್ಣ ಯಾವುದಿರಬೇಕು ಎಂದು ನಿಯಮ ಮಾಡಿವೆ. ಅನುಬಂಧದಲ್ಲಿ ಅಂಟಿಸಿದ ಶಾಸನಚಿತ್ರದ ಮೂಲಕಡತ ಎಲ್ಲಿದೆ, ಅದನ್ನು ಎಷ್ಟು ತಿದ್ದಲಾಗಿದೆ ಎಂದು ಕೇಳುವ ವಿಭಾಗ ಅಪರೂಪ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ವಿಭಕ್ತಿ ಪ್ರತ್ಯಯದ ಸ್ಖಾಲಿತ್ಯಗಳನ್ನು ಹುಡುಕುವಷ್ಟು ಆಸ್ಥೆಯಿಂದ ಚಿತ್ರದ ಸಾಚಾತನವನ್ನು ಹುಡುಕುವುದಿಲ್ಲ. ಕ್ಯಾಮೆರಾದಿಂದ ಬಂದ ಮೂಲಚಿತ್ರ, ತಿದ್ದಿದ ಚಿತ್ರದ ಪ್ರತ್ಯೇಕ ಪ್ರತಿ, ಏನೇನು ತಿದ್ದಲಾಯಿತೆಂಬ ನಾಲ್ಕು ಸಾಲಿನ ಸಾದಾ ಪಠ್ಯ ಈ ಮೂರನ್ನು ಪ್ರಬಂಧದ ಜೊತೆಗೆ ಒಪ್ಪಿಸಬೇಕೆಂಬ ನಿಯಮ ಮಾಡಲು ಅನುದಾನ ಬೇಕಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕವಾಗಿ ತೆರೆದಿಡುತ್ತಿರುವುದು ಸ್ತುತ್ಯರ್ಹವಾದ ಮಾದರಿ. ಬೇಕಾದ ಕೋನದಿಂದ ಬೆಳಕು ಬಿಟ್ಟು ಯಾರು ಬೇಕಾದರೂ ಮರುಓದು ಮಾಡಬಹುದು. ಹೆಗ್ಗಡದೇವನಕೋಟೆಯ ಕಾಡಂಚಿನ ಕಲ್ಲಿಗೆ ಆ ಯಂತ್ರ ಯಾವಾಗ ತಲುಪುತ್ತದೋ. ಅಲ್ಲಿಯವರೆಗೆ ಕೈಯಲ್ಲಿರುವ ಚಿತ್ರಗಳೇ ಗತಿ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದ್ದನ್ನು ಶಾಸ್ತ್ರದಾನವೆಂದು ಕೊಂಡಾಡುತ್ತೇವೆ. ಆ ದಾನದ ಹಿಂದೆ ಓಲೆಗರಿಯ ಆಯುಸ್ಸನ್ನು ಬಲ್ಲ ಲೆಕ್ಕಾಚಾರವೂ ಇತ್ತು. ಹುಳು, ಬೆಂಕಿ, ನೀರು ಎಲ್ಲ ಸಾವಿರ ಕಡೆಗಳಿಗೂ ಒಟ್ಟಿಗೆ ಬರುವುದಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಪೂಜಿಸುವ ಆಚರಣೆಯ ಜೊತೆಗೆ ಕಟ್ಟು ಬಿಚ್ಚಿ, ದೂಳು ಝಾಡಿಸಿ, ಬಟ್ಟೆ ಬದಲಿಸಿ ಕಟ್ಟುವ ರೂಢಿಯೂ ಬೆಳೆದು ಬಂತು. ವರ್ಷಕ್ಕೊಮ್ಮೆ ಬಿಚ್ಚಿದಾಗಲಷ್ಟೇ ಯಾವ ಗರಿ ಮುರಿಯುತ್ತಿದೆಯೆಂದು ತಿಳಿಯುತ್ತದೆ. ಮುರಿಯುತ್ತಿದ್ದರೆ ಹೊಸ ಗರಿಗೆ ನಕಲು. ಗಣಕಯಂತ್ರದ ಫೋಲ್ಡರಿಗೆ ಇಂಥ ಪಂಚಮಿ ಇಲ್ಲ. ಯಂತ್ರ ಕೆಟ್ಟ ದಿನವೇ ಅದನ್ನು ಬಿಚ್ಚುವ ದಿನ.

ಪಿಕಾಸಾದ ಆ ಗುಪ್ತ ಕಡತ ಉಳಿದಿದ್ದರೆ ಅದನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಯಾವ ಚಿತ್ರಕ್ಕೆ ಏನು ಮಾಡಲಾಗಿತ್ತು ಎಂಬ ಸಾಲುಗಳು ಅಲ್ಲಿ ಕಾಣುತ್ತವೆ. ಓದಲು ಸ್ವಲ್ಪ ತಾಳ್ಮೆ ಬೇಕು, ತಂತ್ರಾಂಶವೇನೂ ಬೇಡ. ಅದಕ್ಕಿಂತ ಕಷ್ಟದ್ದು ಕಡತದಲ್ಲಿ ಎಂದೂ ಬರೆಯದೇ ಉಳಿದ ವಿವರ. ಕ್ಯಾಮೆರಾ ಕೊಟ್ಟ ಕ್ರಮಸಂಖ್ಯೆಯಷ್ಟೇ ಹೆಸರಾಗಿರುವ ಚಿತ್ರದ ಆ ಕಲ್ಲು ಯಾವ ಊರಿನದು, ಕೆರೆಯ ಏರಿಯ ಮೇಲಿನದೋ ಮಾರಿಗುಡಿಯ ಹಿಂದಿನದೋ, ಬೆಳಗಿನ ಬೆಳಕಿನಲ್ಲಿ ತೆಗೆದದ್ದೋ ಸಂಜೆಯಲ್ಲೋ ಎಂಬುದು ತೆಗೆದವರ ನೆನಪಿನಲ್ಲಿ ಮಾತ್ರ ಇದೆ. ಮೊದಲ ಡಿಜಿಟಲ್ ಕ್ಯಾಮೆರಾ ಹಿಡಿದು ಈ ನಾಲ್ಕು ತಾಲ್ಲೂಕುಗಳಲ್ಲಿ ಸುತ್ತಿದ ಅಧ್ಯಾಪಕರಲ್ಲಿ ಹಲವರಿಗೆ ಈಗ ಎಪ್ಪತ್ತರ ಆಸುಪಾಸು. ಎಂ.ಎ. ವಿದ್ಯಾರ್ಥಿಗಳಿಬ್ಬರು ಅವರ ಪಕ್ಕದಲ್ಲಿ ಕುಳಿತು, ಚಿತ್ರಗಳನ್ನು ಒಂದೊಂದಾಗಿ ತೆರೆದು, ಊರಿನ ಹೆಸರನ್ನು ಕೇಳಿ ಬರೆದುಕೊಳ್ಳಲು ಒಂದು ಬೇಸಗೆಯ ರಜೆ ಸಾಕಾಗಬಹುದು.